ಪೇಪರು ಸತ್ತಿತೆಂದು ಡಂಗುರ ಹೊಡೆಯುವವರಿಗೆ

ಪೇಪರು ಸತ್ತಿತು, ರೇಡಿಯೋ ಸತ್ತಿತು, ಇನ್ನೇನಿದ್ದರೂ ಅಂಗೈಯೊಳಗಿನ ಫೋನು ಎಂದು ಹೇಳುವ ಬುದ್ಧಿವಂತರು ಈಗ ನಮ್ಮ ನಡುವೆಯೇ ಹೆಚ್ಚಿದ್ದಾರೆ. ಅವರಲ್ಲಿ ಹಾಸ್ಟೆಲ್ಲಿನ ಗೆಳೆಯರಿದ್ದಾರೆ, ಸಂಘಟನೆಯ ಸಂಗಾತಿಗಳಿದ್ದಾರೆ, ಹಳ್ಳಿ ಸ್ಕೂಲಿನ ಮೇಷ್ಟ್ರುಗಳೂ ಇದ್ದಾರೆ. 2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ಕಾಂತಿಪುರ ಪತ್ರಿಕಾ ಸಮೂಹದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಆ ಹೊಗೆಯ ಚಿತ್ರವನ್ನು ಫೋನಿನಿಂದ ಫೋನಿಗೆ ದಾಟಿಸಿ ಖುಷಿಪಟ್ಟವರೂ ಇದ್ದಾರೆ. 'ಸುಟ್ಟು ಹೋಗ್ಲಿ ಬುಡಿ, ಅವ್ರೇನು ನಮ್ ಸುದ್ದಿ ಬರೀತಿದ್ರಾ?' ಎಂಬುದು ಅವರ ವಾದ. ಈ ವಾದದೊಳಗೆ ಒಂದು ಸಿಟ್ಟಿದೆ. ಸಿಟ್ಟು ನ್ಯಾಯವಾದದ್ದು. ತೀರ್ಮಾನ ಮಾತ್ರ ಮೂರ್ಖತನದ್ದು.

ಇನ್ನೊಂದು ಕಡೆ ಸಂಪಾದಕ ಮಹಾಶಯರಿದ್ದಾರೆ. ಪತ್ರಿಕೆಯ ಕಟ್ಟಡ ಸುಟ್ಟರೆ ಮಾತ್ರ ಇವರಿಗೆ ಪ್ರಜಾಪ್ರಭುತ್ವದ ನೆನಪಾಗುತ್ತದೆ. ನಾಲ್ಕನೆಯ ಕಂಬ ಅಲ್ಲಾಡಿತು, ಇನ್ನು ಮನೆಯೇ ಬಿತ್ತು ಎಂದು ಗೋಳಿಡುತ್ತಾರೆ. ಸ್ವಾಮಿ, ಆ ಕಂಬದ ನೆರಳಲ್ಲಿ ನಮ್ಮನ್ನು ಯಾವತ್ತು ಕೂರಿಸಿದ್ದಿರಿ? ಹೊಸಲು ದಾಟಿಸದವರು ಬಂದು ಮನೆ ಬೀಳ್ತದೆ ಅಂತ ಹೆದರಿಸಿದರೆ ನಾವು ಹೆದರಬೇಕಾ?

ಈ ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ. ಪತ್ರಿಕೆ, ರೇಡಿಯೋ ಎಂಬ ಹಳೆಯ ಸರಕು ನೇಪಾಳದಂಥ ಚಿಕ್ಕ ದೇಶಕ್ಕೆ ಇವತ್ತೂ ಬೇಕು. ಎಲ್ಲರಿಗಿಂತ ಹೆಚ್ಚಾಗಿ ಅದು ಬೇಕಾಗಿರುವುದು ಅಲ್ಲಿನ ಕಾಮಿಗೆ, ದಮಾಯಿಗೆ, ಸಾರ್ಕಿಗೆ, ಬಯಲುಸೀಮೆಯ ಮುಸಹರನಿಗೆ. ಬೇಕು ಎಂದಮೇಲೆ ಅದರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಮಾತಿಲ್ಲ. ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂರಬೇಕು. ಇದನ್ನು ಹೇಳಲಿಕ್ಕೇ ಈ ಬರಹ.

ನೇಪಾಳ ಯಾಕೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ರಾತ್ರಿಯೆಲ್ಲ ನಿಂತಿರುವ ಹುಡುಗನನ್ನು, ಹೋಟೆಲಿನ ಹಿಂದುಗಡೆ ಪಾತ್ರೆ ತಿಕ್ಕುವ ಹುಡುಗನನ್ನು ನಾವು 'ಬಹಾದೂರ್' ಎಂಬ ಒಂದೇ ಹೆಸರಿನಲ್ಲಿ ಕೂಗಿ ಮುಗಿಸುತ್ತೇವೆ. ಅವನಿಗೆ ಒಂದು ಊರಿದೆ, ಒಂದು ಕೇರಿಯಿದೆ, ಕೇರಿಗೊಂದು ಜಾತಿಯಿದೆ ಎಂಬುದು ನಮ್ಮ ತಲೆಗೆ ಹೋಗುವುದೇ ಇಲ್ಲ. 2021ರ ಜನಗಣತಿಯಲ್ಲಿ ಆ ಇಡೀ ದೇಶದ ಜನ 2 ಕೋಟಿ 91 ಲಕ್ಷ. ನಮ್ಮ ಕರ್ನಾಟಕವೊಂದೇ 2011ರಲ್ಲಿ 6 ಕೋಟಿ 11 ಲಕ್ಷ ಇತ್ತು. ಅಂದರೆ ನಮ್ಮ ಅರ್ಧದಷ್ಟೂ ಇಲ್ಲದ ದೇಶ. ಅದರಲ್ಲಿ ನೂರಕ್ಕೆ ಹದಿಮೂರು ಜನ ದಲಿತರು. ಜಾತಿ ಎಂಬುದು ನಮ್ಮಲ್ಲಿ ಶಾಸ್ತ್ರದ ಹೆಸರಿನಲ್ಲಿ ನಡೆಯಿತು. ಅಲ್ಲಿ ಸರ್ಕಾರವೇ ಅದನ್ನು ಕಾನೂನು ಮಾಡಿ ಬರೆದಿಟ್ಟಿತು. 1854ರಲ್ಲಿ ಜಂಗ್ ಬಹಾದೂರ್ ರಾಣಾ ತಂದ ಮುಲುಕಿ ಐನ್ ಎಂಬ ಕಾನೂನು ಯಾರ ಕೈಯ ನೀರು ಕುಡಿಯಬಾರದು, ಯಾರನ್ನು ಮುಟ್ಟಿದರೆ ನೀರು ಚಿಮುಕಿಸಿಕೊಂಡು ಶುದ್ಧವಾಗಬೇಕು ಎಂದು ಜಾತಿ ಜಾತಿಯ ಹೆಸರು ಹಿಡಿದು ಪಟ್ಟಿ ಮಾಡಿತು. 1963ರವರೆಗೆ, ಅಂದರೆ ನೂರಾ ಒಂಬತ್ತು ವರ್ಷ, ಅದು ಆ ದೇಶದ ಕಾನೂನಾಗಿ ಬಾಳಿತು. ಇಂಥ ನೆಲದಲ್ಲಿ ಸುದ್ದಿ ಯಾರದು, ಸುದ್ದಿಮನೆ ಯಾರದು ಎಂದು ಕೇಳುವುದು ನಮ್ಮ ಮನೆಯ ಪ್ರಶ್ನೆಯನ್ನೇ ಪಕ್ಕದ ಮನೆಯ ಅಂಗಳದಲ್ಲಿ ನಿಂತು ಕೇಳಿದ ಹಾಗೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಸುದ್ದಿ ಅಚ್ಚುಕೂಟದಲ್ಲಿ ಹುಟ್ಟಿದ್ದಲ್ಲ. ಅಚ್ಚಿನ ಮೊಳೆ ಬರುವುದಕ್ಕೆ ನೂರಾರು ವರ್ಷ ಮುಂಚೆಯೇ ಸುದ್ದಿ ಇತ್ತು, ಸುದ್ದಿ ಹೊರುವವನೂ ಇದ್ದ. ಅವನು ಯಾರು? ನೇಪಾಳದ ಗುಡ್ಡಗಾಡಿನಲ್ಲಿ ಊರಿನ ಎತ್ತರದ ಜಾಗದಲ್ಲಿ ನಿಂತು ಮುಖಂಡನ ಅಪ್ಪಣೆಯನ್ನು ಕೂಗಿ ಸಾರುವವನಿಗೆ ಕಟುವಾಲ ಎಂದು ಹೆಸರು. ಹಲವು ಕಡೆ ಅವನು ದಮಾಯಿ, ಬಟ್ಟೆ ಹೊಲಿಯುವ ವಾದ್ಯ ಬಾರಿಸುವ ಅಸ್ಪೃಶ್ಯ. ಊರಿಂದೂರಿಗೆ ಸಾರಂಗಿ ಹಿಡಿದು ನಡೆದು, ಯುದ್ಧದ ಸುದ್ದಿ, ಸಾವಿನ ಸುದ್ದಿ, ರಾಜನ ಸುದ್ದಿ, ಪ್ರವಾಹದ ಸುದ್ದಿಯನ್ನು ಹಾಡಾಗಿ ಕಟ್ಟಿ ಹಾಡುತ್ತಿದ್ದವನು ಗಾಇನೆ. ಅವನೂ ಅಸ್ಪೃಶ್ಯನೇ. ಅವನ ಹಾಡು ಕೇಳಿ ಜನ ಕಣ್ಣೀರು ಹಾಕಿದರು, ಒಂದು ಮುಷ್ಟಿ ಅಕ್ಕಿ ಹಾಕಿದರು. ಮನೆ ಒಳಗೆ ಮಾತ್ರ ಕರೆಯಲಿಲ್ಲ.

ಇದು ನಮಗೆ ಹೊಸದಾ? ನಮ್ಮ ಊರುಗಳಲ್ಲಿ ತಮಟೆ ಹೊಡೆದು ಡಂಗುರ ಸಾರಿದವರು ಯಾರು? ತೋಟಿ, ತಳವಾರ, ಕುಳವಾಡಿ. ಗೌಡರ ಮನೆಯಲ್ಲಿ ಸಾವಾದರೆ ನಡುರಾತ್ರಿ ಎದ್ದು, ಹತ್ತು ಹದಿನೈದು ಮೈಲಿ ನಡೆದು, ನೆಂಟರ ಊರಿಗೆ ಸಾವಿನ ಸುದ್ದಿ ಮುಟ್ಟಿಸಿದವರು ನಮ್ಮ ತಾತಂದಿರು. ಅದಕ್ಕೆ ಕೂಲಿಯಿಲ್ಲ, ಬಿಟ್ಟಿ. ನಮ್ಮ ತಾತ ಸತ್ತಾಗ ಯಾವ ಗೌಡ ಯಾರಿಗೆ ಸುದ್ದಿ ಹೊತ್ತ? ಸುದ್ದಿಯ ಹೊರೆ ನಮ್ಮ ಹೆಗಲಿಗೆ, ಸುದ್ದಿಯ ಯಜಮಾನಿಕೆ ಅವರ ಕೈಗೆ. ಆಮೇಲೆ ಅಚ್ಚಿನ ಯಂತ್ರ ಬಂತು. ಹೊರುವ ಕೆಲಸಕ್ಕೆ ನಾವು ಬೇಡವಾದೆವು. ಬರೆಯುವ ಕೆಲಸಕ್ಕೆ ನಮ್ಮನ್ನು ಕರೆಯಲೂ ಇಲ್ಲ.

ನೇಪಾಳದಲ್ಲಿ ಅಚ್ಚಿನ ಪತ್ರಿಕೆ ಬಂದದ್ದು 1901ರಲ್ಲಿ. ಗೋರ್ಖಾಪತ್ರ ಅದರ ಹೆಸರು, ರಾಣಾ ದೊರೆಗಳ ಕೃಪೆ ಅದರ ಬಂಡವಾಳ. 1951ರಲ್ಲಿ ರಾಣಾ ಆಳ್ವಿಕೆ ಬಿದ್ದಾಗ ರೇಡಿಯೋ ನೇಪಾಳ ಬಂತು, 1985ರಲ್ಲಿ ಸರ್ಕಾರಿ ಟೆಲಿವಿಷನ್. ಮೂರೂ ಅರಮನೆಯ ಕಡೆಗೇ ಮುಖಮಾಡಿ ಕೂತವು. 1990ರ ಜನಾಂದೋಲನ ರಾಜನ ಕೈಯನ್ನು ಕಟ್ಟಿದ ಮೇಲೆ ಖಾಸಗಿ ಪತ್ರಿಕೆಗಳಿಗೆ ಉಸಿರು ಬಂತು. 1993ರಲ್ಲಿ ಕಾಂತಿಪುರ ದಿನಪತ್ರಿಕೆ ಶುರುವಾಯಿತು. 1997ರಲ್ಲಿ ಪರಿಸರ ಪತ್ರಕರ್ತರ ಸಂಘವೊಂದು ಕಠ್ಮಂಡುವಿನಲ್ಲಿ ರೇಡಿಯೋ ಸಾಗರಮಾಥಾ ಎಂಬ ಸಣ್ಣ ಎಫ್.ಎಂ. ಕೇಂದ್ರ ತೆರೆಯಿತು. ದಕ್ಷಿಣ ಏಷ್ಯಾದಲ್ಲೇ ಸರ್ಕಾರದ್ದೂ ಅಲ್ಲದ, ಸಾಹುಕಾರನದ್ದೂ ಅಲ್ಲದ ಮೊದಲನೆಯ ಸಮುದಾಯ ರೇಡಿಯೋ ಅದು. ಆಮೇಲೆ ಜಿಲ್ಲೆ ಜಿಲ್ಲೆಯಲ್ಲಿ ಇಂಥವು ಹುಟ್ಟಿ, ಇವತ್ತು ಮುನ್ನೂರಕ್ಕೂ ಮೇಲಿವೆ.

ಈ ಮುನ್ನೂರು ಯಾಕೆ ಮುಖ್ಯ? ಗುಡ್ಡದ ಮೇಲಿನ ಹಳ್ಳಿಗೆ ಪೇಪರು ಹೋಗಬೇಕಾದರೆ ರಸ್ತೆ ಬೇಕು. ಹೋದ ಪೇಪರನ್ನು ಓದಬೇಕಾದರೆ ಅಕ್ಷರ ಬೇಕು. ದಲಿತನಿಗೆ ಅಕ್ಷರವನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು? ರೇಡಿಯೋಗೆ ಎರಡು ಸೆಲ್ಲು ಇದ್ದರೆ ಆಯಿತು. ಅದು ಮೈಥಿಲಿಯಲ್ಲೂ ಮಾತಾಡುತ್ತದೆ, ಥಾರು ಭಾಷೆಯಲ್ಲೂ ಮಾತಾಡುತ್ತದೆ. ಹೊಲಿಗೆ ಹಾಕುತ್ತಾ ಕೇಳಬಹುದು, ಕುಲುಮೆಯ ಮುಂದೆ ಕೂತು ಕೇಳಬಹುದು. ಅಕ್ಷರ ಕಲಿತವರ ಕೊಬ್ಬಿಗೆ ಇದು ಅರ್ಥವಾಗುವುದಿಲ್ಲ. ಮೊನ್ನೆ ಡಿಗ್ರಿ ತಗೊಂಡ ನಮಗೆ ಅರ್ಥವಾಗುತ್ತದೆ, ಯಾಕಂದ್ರೆ ನಮ್ಮವ್ವಂದಿರು ಇವತ್ತಿಗೂ ನಾವು ಬರೆದ ಪದ್ಯವನ್ನು ಓದಲಾರರು. ಓದಿ ಹೇಳಿದರೆ ಮಾತ್ರ ಕೇಳಬಲ್ಲರು.

ಅಧಿಕಾರಕ್ಕೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. 2005ರ ಫೆಬ್ರವರಿ 1ರಂದು ರಾಜ ಜ್ಞಾನೇಂದ್ರ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ತೆಗೆದುಕೊಂಡವನು ಮೊದಲು ಮಾಡಿದ ಕೆಲಸ ಏನು? ಟೆಲಿಫೋನು ಕತ್ತರಿಸಿದ. ಇಂಟರ್ನೆಟ್ಟು ಕತ್ತರಿಸಿದ. ಪತ್ರಿಕಾ ಕಚೇರಿಗಳಿಗೆ ಬಂದೂಕು ಹಿಡಿದ ಸಿಪಾಯಿಗಳನ್ನು ಕಳಿಸಿ, ಅಚ್ಚಿಗೆ ಹೋಗುವ ಪುಟಗಳನ್ನು ಅವರ ಕಣ್ಣಿಗೆ ತೋರಿಸಬೇಕೆಂದ. ಎಫ್.ಎಂ. ಕೇಂದ್ರಗಳು ಹಾಡು ಮಾತ್ರ ಹಾಕಬೇಕು, ಸುದ್ದಿ ಹೇಳಕೂಡದು ಎಂದು ಅಪ್ಪಣೆ ಹೊರಡಿಸಿದ. ಹಾಡಿದರೆ ತಪ್ಪಿಲ್ಲ, ಸುದ್ದಿ ಹೇಳಿದರೆ ತಪ್ಪು! ಗಾಇನೆಗೆ ಅಕ್ಕಿ ಹಾಕಿದವರ ಬುದ್ಧಿಯೂ ಇದೇ.

ಆಗ ಆ ದೇಶದ ಪತ್ರಕರ್ತರು ಬೆನ್ನು ಬಾಗಿಸಲಿಲ್ಲ. ಒಂದು ಪತ್ರಿಕೆ ರಾಜಕೀಯ ಬರೆಯಬೇಡ ಅಂದದ್ದಕ್ಕೆ ಕಾಲುಚೀಲದ ಮೇಲೆ ಸಂಪಾದಕೀಯ ಬರೆಯಿತು. ಓದಿದವನಿಗೆ ನಾರುತ್ತಿರುವುದು ಯಾವ ಕಾಲುಚೀಲ ಎಂದು ಗೊತ್ತಾಯಿತು. ಗಾಳಿಯಲ್ಲಿ ಸುದ್ದಿ ಹೇಳಬೇಡಿ ಎಂದಾಗ ರೇಡಿಯೋದವರು ಬೀದಿಗೆ ಬಂದು ಧ್ವನಿವರ್ಧಕ ಹಿಡಿದು ಸುದ್ದಿ ಓದಿದರು. ಕಟುವಾಲನ ಕೆಲಸವನ್ನು ಮೇಲ್ಜಾತಿಯ ಪದವೀಧರರು ಮಾಡಿದ್ದು ಬಹುಶಃ ಅದೇ ಮೊದಲು. ಅವರು ಕೋರ್ಟಿಗೂ ಹೋದರು. ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟು ಸುದ್ದಿಗೆ ದಾರಿ ಬಿಟ್ಟಿತು. 2006ರ ಏಪ್ರಿಲಿನಲ್ಲಿ 19 ದಿನ ಜನ ಬೀದಿಯಲ್ಲಿ ನಿಂತರು. ರಾಜ ಮಣಿದ. 2008ರಲ್ಲಿ ದೇಶ ಗಣರಾಜ್ಯವಾಯಿತು. ಈ ಹಾದಿಯಲ್ಲಿ ಹೆಣಗಳೂ ಬಿದ್ದಿವೆ. ಕವಿ, ಜನದಿಶಾ ಪತ್ರಿಕೆಯ ಸಂಪಾದಕ ಕೃಷ್ಣ ಸೇನ್ ಇಚ್ಛುಕ್ 2002ರಲ್ಲಿ ಸರ್ಕಾರದ ವಶದಲ್ಲಿದ್ದಾಗಲೇ ಸತ್ತರು. ದೈಲೇಖ ಜಿಲ್ಲೆಯ ರೇಡಿಯೋ ಪತ್ರಕರ್ತ ಡೇಕೇಂದ್ರರಾಜ್ ಥಾಪಾ ಅವರನ್ನು 2004ರಲ್ಲಿ ಮಾವೋವಾದಿಗಳು ಕೊಂದರು. ಕ್ರಾಂತಿಯ ಹೆಸರು ಹೇಳಿದ ಮಾತ್ರಕ್ಕೆ ಈ ಎರಡನೆಯ ಕೊಲೆಯನ್ನು ನಾವು ಮುಚ್ಚಿಡಬೇಕಾಗಿಲ್ಲ.

ಇಷ್ಟನ್ನು ಹೇಳಿದಾಗ ನಮ್ಮ ಗೆಳೆಯರು ಕೇಳುತ್ತಾರೆ: ಇಷ್ಟೆಲ್ಲ ಹೋರಾಡಿದ ಆ ಪತ್ರಿಕೆಗಳು ದಲಿತನಿಗೆ ಏನು ಮಾಡಿದವು?

ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ.

2006ರ ಜೂನ್ 4ರಂದು ಅಲ್ಲಿನ ಸಂಸತ್ತು ನೇಪಾಳವನ್ನು ಅಸ್ಪೃಶ್ಯತೆ ಮುಕ್ತ ರಾಷ್ಟ್ರವೆಂದು ಘೋಷಿಸಿತು. 2011ರಲ್ಲಿ ಜಾತಿ ತಾರತಮ್ಯದ ವಿರುದ್ಧ ಶಿಕ್ಷೆಯ ಕಾನೂನು ಬಂತು. ಘೋಷಣೆಗಳು ಮುಖಪುಟದಲ್ಲಿ ಬಂದವು. ಕೇರಿಯ ಬದುಕು ಒಳಪುಟದಲ್ಲೂ ಬರಲಿಲ್ಲ. ಕಠ್ಮಂಡುವಿನ ದೊಡ್ಡ ಸುದ್ದಿಮನೆಗಳಲ್ಲಿ ಕೂತವರು ಬಹುಪಾಲು ಬಾಹುನ, ಛೇತ್ರಿ, ನೇವಾರ ಮೇಲ್ಜಾತಿಯ ಗಂಡಸರು. ಅವರೇನು ದುಷ್ಟರಲ್ಲ. ರಾಜನ ಬಂದೂಕಿಗೆ ಎದೆಕೊಟ್ಟವರೂ ಅವರಲ್ಲಿದ್ದಾರೆ. ಆದರೆ ರಾಜನನ್ನು ಎದುರಿಸುವ ಧೈರ್ಯ ಬೇರೆ, ತನ್ನ ಮನೆಯ ಅಡುಗೆಕೋಣೆಯನ್ನು ಎದುರಿಸುವ ಧೈರ್ಯ ಬೇರೆ.

2020ರ ಮೇ 23ರ ಸಂಜೆ ಪಶ್ಚಿಮ ರುಕುಮ್ ಜಿಲ್ಲೆಯ ಸೋತಿ ಎಂಬ ಹಳ್ಳಿಯಲ್ಲಿ ಏನಾಯಿತು ನೋಡಿ. ಪಕ್ಕದ ಜಾಜರಕೋಟ್ ಜಿಲ್ಲೆಯ ದಲಿತ ಹುಡುಗನೊಬ್ಬ, ತಾನು ಪ್ರೀತಿಸಿದ ಮೇಲ್ಜಾತಿಯ ಹುಡುಗಿಯನ್ನು ಕರೆತರಲು ಗೆಳೆಯರ ಜೊತೆ ಹೋದ. ಊರೇ ತಿರುಗಿ ಬಿತ್ತು. ಕಲ್ಲು, ದೊಣ್ಣೆ. ಓಡಿಸಿಕೊಂಡು ಭೇರಿ ನದಿಯ ದಡದವರೆಗೆ ಹೋದರು. ಆರು ಹುಡುಗರ ಹೆಣ ನದಿಯಲ್ಲಿ ಸಿಕ್ಕವು. ಮೊದಮೊದಲು ಹೊರಗೆ ಬಂದ ಸುದ್ದಿ ಏನು? ಓಡುವಾಗ ನದಿಗೆ ಹಾರಿದರು, ಮುಳುಗಿದರು! ಹಾರಿದವನ ಮೈಮೇಲೆ ದೊಣ್ಣೆಯ ಗಾಯ ಹೇಗೆ ಬಂತು ಎಂದು ಕೇಳುವವನು ಆ ಊರಿನಲ್ಲಿ ಇರಲಿಲ್ಲ. ದೂರದ ಹಳ್ಳಿಯಲ್ಲಿ ಘಟನೆ ನಡೆದರೆ ಅರೆಕಾಲಿಕ ವರದಿಗಾರನಿಗೆ ಸುದ್ದಿ ಕೊಡುವವರು ಇಬ್ಬರೇ. ಒಬ್ಬ ಪೊಲೀಸು, ಇನ್ನೊಬ್ಬ ಊರಿನ ಮುಖಂಡ. ಈ ಪ್ರಕರಣದ ಆರೋಪಿಗಳ ಪಟ್ಟಿಯಲ್ಲಿ ಅಲ್ಲಿನ ವಾರ್ಡಿನ ಅಧ್ಯಕ್ಷನ ಹೆಸರೇ ಇತ್ತು. ಕಳ್ಳನನ್ನೇ ಸಾಕ್ಷಿ ಕೇಳಿದರೆ ಅವನು ಹೇಳುವ ಕಥೆ ಇನ್ನೇನಿರುತ್ತೆ?

ಆಮೇಲೆ ದಲಿತ ಸಂಘಟನೆಗಳು ಬೀದಿಗಿಳಿದವು. ಫೋನಿನಲ್ಲಿ ಸಿಟ್ಟು ಹರಿಯಿತು, ಇದನ್ನು ನಾವು ಮುಚ್ಚುಮರೆಯಿಲ್ಲದೆ ಒಪ್ಪುತ್ತೇವೆ. ಆದರೆ ಆ ಸಿಟ್ಟಿನ ಅಲೆ ವಾರದಲ್ಲೇ ಇಳಿಯಿತು. ಕೇಸು ಮಾತ್ರ ಮೂರೂವರೆ ವರ್ಷ ನಡೆಯಿತು. ಅಷ್ಟೂ ಕಾಲ ಆರೋಪಪಟ್ಟಿ ಯಾವಾಗ ಹೋಯಿತು, ವಾಯಿದೆ ಯಾವತ್ತು ಬಿತ್ತು ಎಂದು ನೆನಪಿಡುವುದಕ್ಕೆ ಸಂಬಳ ಪಡೆದು ಕೋರ್ಟಿನ ಬೆಂಚಿನ ಮೇಲೆ ಕೂರುವ ಒಬ್ಬ ಮನುಷ್ಯ ಬೇಕು. ಅವನ ಹೆಸರು ವರದಿಗಾರ. 2023ರ ಡಿಸೆಂಬರಿನಲ್ಲಿ ಜಿಲ್ಲಾ ನ್ಯಾಯಾಲಯ 24 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ತೀರ್ಪು ನಮಗೆ ಕರ್ನಾಟಕದ ಮೂಲೆಯಲ್ಲಿ ಗೊತ್ತಾದದ್ದು ಒಂದು ಪತ್ರಿಕೆಯ ವರದಿಯಿಂದಲೇ.

ಇನ್ನೊಂದು ಸಂಗತಿ. 2021ರಲ್ಲಿ ಕಠ್ಮಂಡುವಿನಲ್ಲಿ ಟೆಲಿವಿಷನ್ ಕಾರ್ಯಕ್ರಮ ನಡೆಸುವ ದಲಿತ ಯುವತಿಯೊಬ್ಬಳು ಬಾಡಿಗೆಗೆ ಕೋಣೆ ಕೇಳಿದಳು. ಜಾತಿ ಗೊತ್ತಾದ ಮೇಲೆ ಮನೆಯೊಡತಿ ಇಲ್ಲವೆಂದಳು. ಯುವತಿ ದೂರು ಕೊಟ್ಟಳು. ಮನೆಯೊಡತಿಯನ್ನು ಹಿಡಿದು ಬಿಟ್ಟಾಗ ಆಕೆಯನ್ನು ಸರ್ಕಾರಿ ಕಾರಿನಲ್ಲಿ ಮನೆಗೆ ಬಿಟ್ಟು ಬಂದವನು ಯಾರು ಗೊತ್ತಾ? ದೇಶದ ಶಿಕ್ಷಣ ಮಂತ್ರಿ! ಅವಳ ಮುಖ ಎಲ್ಲರ ಮನೆಯ ಪರದೆಯ ಮೇಲೆ ಬರಬಹುದು, ಅವಳ ಕಾಲು ಮಾತ್ರ ಯಾರ ಮನೆಯ ಮೆಟ್ಟಿಲ ಮೇಲೂ ಬೀಳಬಾರದು. ಗಾಇನೆಯ ಕಾಲದಿಂದ ಇವತ್ತಿನವರೆಗೆ ಸಾರಂಗಿ ಹೋಗಿ ಮೈಕು ಬಂದಿದೆ. ಹೊಸಲು ಅಲ್ಲೇ ಇದೆ.

ಹಾಗಾದರೆ ಸುಡುವುದೇ ಸರಿಯಲ್ಲವಾ? ಸರಿಯಲ್ಲ. ಸುಟ್ಟವರ ಕೈಗೆ ಏನು ಸಿಕ್ಕಿತು ಎಂದು ನೋಡಿ.

2025ರ ಸೆಪ್ಟೆಂಬರ್ 4ರಂದು ನೇಪಾಳದ ಸರ್ಕಾರ ನೋಂದಣಿ ಮಾಡಿಸಿಲ್ಲವೆಂಬ ನೆಪ ಹೇಳಿ ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಸೇರಿ 26 ಜಾಲತಾಣಗಳ ಬಾಗಿಲು ಮುಚ್ಚಿಸಿತು. ಮುಚ್ಚಿಸಿದ್ದು ಅನ್ಯಾಯ. ದುಡಿಮೆಗಾಗಿ ಮಲೇಷ್ಯಾಕ್ಕೆ, ಕೊಲ್ಲಿ ದೇಶಗಳಿಗೆ ಹೋದ ಮಗನ ದನಿ ಕೇಳಲು ಗುಡ್ಡದ ಮೇಲಿನ ತಾಯಿಗೆ ಇದ್ದ ದಾರಿ ಅದು. ಮಂತ್ರಿಮಕ್ಕಳ ಮೋಜನ್ನು ಬಯಲು ಮಾಡುತ್ತಿದ್ದ ಹುಡುಗರಿಗೆ ಇದ್ದ ದಾರಿಯೂ ಅದೇ. 8ನೇ ತಾರೀಖು ಹುಡುಗರು ಬೀದಿಗೆ ಬಂದರು. ಸರ್ಕಾರ ಗುಂಡು ಹಾರಿಸಿತು. ಆ ಒಂದೇ ದಿನ 19 ಜನ ಸತ್ತರು. ಮಾರನೆಯ ದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಅದೇ ದಿನ ಸಂಸತ್ತು, ಸಿಂಹ ದರ್ಬಾರು, ಸುಪ್ರೀಂ ಕೋರ್ಟು, ಕಾಂತಿಪುರದ ಕಟ್ಟಡ ಉರಿದವು. ಸತ್ತ ಹುಡುಗರಿಗೆ ನಮ್ಮ ಲಾಲ್ ಸಲಾಂ, ನಮ್ಮ ಜೈಭೀಮ್. ಆದರೆ ಬೆಂಕಿ ಹಚ್ಚಿದವರನ್ನು ನಾವು ಕೇಳುತ್ತೇವೆ: ಸುಪ್ರೀಂ ಕೋರ್ಟಿನ ಕಡತಗಳು ಸುಟ್ಟಾಗ ಸುಟ್ಟದ್ದು ಸಾಹುಕಾರನ ಕೇಸು ಮಾತ್ರವಾ? ಸಾಹುಕಾರನ ಹತ್ತಿರ ಐದು ಪ್ರತಿ ಇರುತ್ತದೆ. ಬಡವನಿಗೆ ಕೋರ್ಟಿನಲ್ಲಿರುವುದೊಂದೇ ಪ್ರತಿ. ಪತ್ರಿಕೆಯ ಹಳೆಯ ಸಂಚಿಕೆಗಳ ಮಾತೂ ಅಷ್ಟೇ.

ಆ ಬೆಂಕಿಯ ದಿನವೇ ಮಾಜಿ ಪ್ರಧಾನಿಯೊಬ್ಬರ ಪತ್ನಿ ಮನೆಯೊಳಗೆ ಸುಟ್ಟು ಸತ್ತರೆಂಬ ಸುದ್ದಿ ಲೋಕವೆಲ್ಲ ಸುತ್ತಿತು. ಫೋನುಗಳಲ್ಲಿ ಬಂತು. ನಮ್ಮ ದೇಶದ ದೊಡ್ಡ ಚಾನೆಲ್ಲುಗಳಲ್ಲೂ ಬಂತು. ಆಕೆ ಸತ್ತಿರಲಿಲ್ಲ. ತೀವ್ರವಾಗಿ ಸುಟ್ಟು ಆಸ್ಪತ್ರೆಯಲ್ಲಿದ್ದರು. ಹೋಗಿ ವಿಚಾರಿಸಿ ಬದುಕಿದ್ದಾರೆಂದು ಹೇಳಲು ಒಬ್ಬ ಮನುಷ್ಯ ಆಸ್ಪತ್ರೆಯ ಬಾಗಿಲವರೆಗೆ ನಡೆಯಬೇಕಾಯಿತು. ನಡೆದು ಹೋಗುವ ಈ ಕೆಲಸವನ್ನೇ ನಾವು ಪತ್ರಿಕೋದ್ಯಮ ಅನ್ನುವುದು. ನಮ್ಮ ತಾತಂದಿರು ಹದಿನೈದು ಮೈಲಿ ನಡೆದು ಮುಟ್ಟಿಸಿದ ಸಾವಿನ ಸುದ್ದಿ ಒಂದು ಸಲವೂ ಸುಳ್ಳಾಗಿರಲಿಲ್ಲ, ಯಾಕಂದ್ರೆ ಸುಳ್ಳಾದರೆ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ. ಫೋನಿನಲ್ಲಿ ಸುಳ್ಳು ಕಳಿಸಿದವನ ಬೆನ್ನು ಎಲ್ಲಿದೆ? ಯಾವ ಊರಲ್ಲಿದೆ?

ಇಲ್ಲೇ ನಮ್ಮ ವಾದದ ಗಂಟು ಇರುವುದು. ಪತ್ರಿಕೆಗೆ ಒಂದು ವಿಳಾಸವಿದೆ. ಕೆಟ್ಟದ್ದು ಬರೆದರೆ ಅದರ ಬಾಗಿಲಿಗೆ ಹೋಗಿ ಕೂಗಬಹುದು, ಪ್ರೆಸ್ ಕೌನ್ಸಿಲ್ಲಿಗೆ ದೂರು ಬರೆಯಬಹುದು, ಕೋರ್ಟಿಗೆ ಎಳೆಯಬಹುದು. ರೇಡಿಯೋಗೆ ಒಂದು ಪರವಾನಗಿ ಇದೆ, ಅದನ್ನು ರಾಜ ಕಿತ್ತುಕೊಂಡರೆ ಕೋರ್ಟಿನಲ್ಲಿ ನಿಂತು ಕೇಳಬಹುದು. 2005ರಲ್ಲಿ ಕೇಳಿದರು, ಪಡೆದರು. ಫೋನಿನೊಳಗಿನ ಮನೆಗೆ ನಾವು ಬಾಡಿಗೆದಾರರು. ಬಾಡಿಗೆ ಕೊಡದೆ ಇದ್ದೇವೆ ಅಂದುಕೊಂಡಿದ್ದೇವೆ, ನಮ್ಮ ಕಣ್ಣನ್ನೇ ಮಾರಿ ಬಾಡಿಗೆ ಕಟ್ಟುತ್ತಿದ್ದೇವೆ. ಮನೆಯೊಡೆಯ ಅಮೆರಿಕದಲ್ಲಿದ್ದಾನೆ. ಮೂರು ಕೋಟಿ ಜನರ ಚಿಕ್ಕ ದೇಶ ಅವನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಕೂಡ ಅಲ್ಲ. ಅವನಿಗೆ ಬೇಡವಾದರೆ ಅವನು ಹೊರಗೆ ಹಾಕುತ್ತಾನೆ, ಸರ್ಕಾರಕ್ಕೆ ಬೇಡವಾದರೆ ಸರ್ಕಾರ ಬೀಗ ಹಾಕುತ್ತದೆ. ಬಾಡಿಗೆ ಮನೆಯ ಕಷ್ಟ ಏನು ಅಂತ ದಲಿತನಿಗೆ ಬೇರೆಯವರು ಹೇಳಿಕೊಡಬೇಕಾ?

ಇನ್ನೂ ಒಂದು ಮಾತು, ಕಾರ್ಯಕರ್ತರಿಗೆ ಗೊತ್ತಿರುವ ಮಾತು. ತಹಶೀಲ್ದಾರನ ಮೇಜಿನ ಮೇಲೆ ಪೇಪರಿನ ಕಟಿಂಗು ಇಟ್ಟಾಗ ಅವನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾನೆ. ಫೋನು ತೋರಿಸಿದರೆ 'ಅದೆಲ್ಲ ಸುಳ್ಳು ವಿಡಿಯೋ ರೀ, ಕಳಿಸ್ತಾನೇ ಇರ್ತಾರೆ' ಅಂತಾನೆ. ನೇಪಾಳದಲ್ಲೂ ಅಧಿಕಾರಿಯ ಜಾತಿ ಇದೇ. 2023ರಲ್ಲಿ ಅಲ್ಲಿ, ನೇಪಾಳಿಗಳನ್ನೇ ಭೂತಾನಿನ ನಿರಾಶ್ರಿತರೆಂದು ತೋರಿಸಿ ಅಮೆರಿಕಕ್ಕೆ ಕಳಿಸುತ್ತೇವೆಂದು ನಂಬಿಸಿ ದುಡ್ಡು ಕಿತ್ತ ದೊಡ್ಡ ಮೋಸ ಹೊರಗೆ ಬಂತು. ಪತ್ರಿಕೆಗಳು ಬೆನ್ನುಬಿದ್ದು ಬರೆದವು. ಇಬ್ಬರು ಮಾಜಿ ಮಂತ್ರಿಗಳ ಬಂಧನವೂ ಆಯಿತು. ಕಡತ ಹುಡುಕಿ, ಸಹಿ ಹೋಲಿಸಿ, ಮೋಸಹೋದವನ ಮನೆಗೆ ಹೋಗಿ ಬರೆಯುವ ಈ ಕೆಲಸ ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಆಗುವುದಲ್ಲ.

ಚಿಕ್ಕ ದೇಶದ ಪತ್ರಿಕೆಯ ಹೊಟ್ಟೆಪಾಡೂ ಕಷ್ಟದ್ದೇ. ಮಾರುಕಟ್ಟೆ ಸಣ್ಣದು. ಜಾಹೀರಾತು ಕೊಡುವ ಮನೆತನಗಳು ಬೆರಳೆಣಿಕೆ. ಅಲ್ಲಿನ ಪ್ರೆಸ್ ಕೌನ್ಸಿಲ್ಲು ಪತ್ರಿಕೆಗಳಿಗೆ ದರ್ಜೆ ಕಟ್ಟುತ್ತದೆ, ದರ್ಜೆ ನೋಡಿ ಸರ್ಕಾರಿ ಜಾಹೀರಾತು ಸಿಗುತ್ತದೆ. ಕೊಡುವ ಕೈ ಬರೆಯುವ ಕೈಯನ್ನು ಹಿಡಿಯದೆ ಬಿಡುತ್ತದೆಯೇ? 2020ರ ಲಾಕ್‌ಡೌನಿನಲ್ಲಿ ಅಚ್ಚು ನಿಲ್ಲಿಸಿದ ಪತ್ರಿಕೆಗಳು ಮತ್ತೆ ಏಳದೆ ಹೋದವು. ಇದಕ್ಕೆಲ್ಲ ಮದ್ದು ನಮ್ಮ ಹತ್ತಿರ ಇಲ್ಲ. ಆದರೆ ಬಡತನದ ನೆಪ ಹೇಳಿ ದಲಿತ ವರದಿಗಾರನನ್ನು ತೆಗೆದುಕೊಳ್ಳದವರು ಸಿರಿತನ ಇದ್ದಾಗಲೂ ತೆಗೆದುಕೊಂಡಿರಲಿಲ್ಲ ಎಂಬುದನ್ನು ಮರೆಯಬೇಡಿ.

ಬಾಗಿಲು ತೆರೆಯದಿದ್ದಾಗ ನೇಪಾಳದ ದಲಿತರು ಸುಮ್ಮನೆ ಕೂರಲಿಲ್ಲ. 2000ದಲ್ಲಿ ದಲಿತ ಪತ್ರಕರ್ತರು ಸೇರಿ ಜಾಗರಣ ಮೀಡಿಯಾ ಸೆಂಟರ್ ಕಟ್ಟಿದರು. ಬುಟವಲ್ ಪಟ್ಟಣದಲ್ಲಿ ದಲಿತರೇ ನಡೆಸುವ ಎಫ್.ಎಂ. ರೇಡಿಯೋ ಹುಟ್ಟಿತು. ಗಾಇನೆಯ ಮೊಮ್ಮಗ, ದಮಾಯಿಯ ಮೊಮ್ಮಗಳು ಮೈಕಿನ ಮುಂದೆ ಕೂತು ತಮ್ಮ ಕೇರಿಯ ಸುದ್ದಿಯನ್ನು ತಮ್ಮ ಬಾಯಿಂದ ಹೇಳುವ ಕಾಲ ಬಂತು. ಇದು ಸುಡುವ ಹಾದಿಯಲ್ಲ, ಪೂಜೆಯ ಹಾದಿಯೂ ಅಲ್ಲ. ನಮಗೆ ಹತ್ತಿರದ ಹಾದಿ ಇದು. ಯಾಕೆಂದರೆ ಬಾಬಾಸಾಹೇಬರು 1920ರ ಜನವರಿ 31ರಂದು ಮೂಕನಾಯಕ ತೆಗೆದಾಗ, ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು ಪುಣೆಯ ಕೇಸರಿ ಪತ್ರಿಕೆ ಹಾಕಲಿಲ್ಲ. ಅವರು ಕೇಸರಿಯನ್ನು ಸುಡಲಿಲ್ಲ. 1927ರಲ್ಲಿ ಬಹಿಷ್ಕೃತ ಭಾರತ ತೆಗೆದರು, 1930ರಲ್ಲಿ ಜನತಾ ತೆಗೆದರು, 1956ರಲ್ಲಿ ಅದಕ್ಕೇ ಪ್ರಬುದ್ಧ ಭಾರತ ಎಂದು ಹೆಸರಿಟ್ಟರು. ಸಾಯುವ ವರ್ಷದವರೆಗೂ ಆ ಮನುಷ್ಯ ಪತ್ರಿಕೆಯ ಕೈ ಬಿಡಲಿಲ್ಲ.

ನಮ್ಮ ದೇಶದ ಸ್ಥಿತಿ ನೇಪಾಳಕ್ಕಿಂತ ಮೇಲು ಎಂದು ಯಾರೂ ಬೀಗಬೇಕಾಗಿಲ್ಲ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಹೊರಟು, ಸಿಗದೆ, ಅದನ್ನೇ ಬರೆದರು. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದಾಗ ದೊಡ್ಡ ಸುದ್ದಿಸಂಸ್ಥೆಗಳ 121 ಮೇಲಿನ ಕುರ್ಚಿಗಳಲ್ಲಿ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಒಬ್ಬರೂ ಇರಲಿಲ್ಲ. ನೂರಾ ಇಪ್ಪತ್ತೊಂದರಲ್ಲಿ ಒಂದೂ ಇಲ್ಲ! ನಮ್ಮ ತಾಲ್ಲೂಕಿನಲ್ಲೇ ಕುಡಿಯುವ ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಕೇರಿಗೆ ನುಗ್ಗಿ ಹೊಡೆದರು. ಮಾರನೆಯ ದಿನ ಒಂದು ಪತ್ರಿಕೆಯಲ್ಲಿ 'ಎರಡು ಗುಂಪುಗಳ ನಡುವೆ ಘರ್ಷಣೆ' ಎಂದು ನಾಲ್ಕು ಸಾಲು ಬಂತು. ಹೊಡೆದದ್ದು ಒಂದೇ ಗುಂಪು, ಹೊಡೆಸಿಕೊಂಡದ್ದು ಇನ್ನೊಂದು ಗುಂಪು. ಇದು ಘರ್ಷಣೆ ಹೇಗಾಗುತ್ತೆ? ಸುದ್ದಿ ಕಳಿಸಿದವನು ಹೊಡೆದವರ ಮನೆಯ ಅಳಿಯ. ಅವತ್ತು ನಾವು ಆ ಪತ್ರಿಕೆ ಹರಿದು ಹಾಕಿದೆವು. ಅದರಿಂದ ಅಳಿಯನ ಕೆಲಸವೇನೂ ಹೋಗಲಿಲ್ಲ.

ಆದ್ದರಿಂದ ಗೆಳೆಯರೇ, ನಮ್ಮ ವಿದ್ಯಾರ್ಥಿಗಳು ಬಿ.ಎ. ಮುಗಿಸಿ ಗುಮಾಸ್ತಗಿರಿಯ ಪರೀಕ್ಷೆಗೆ ಐದು ಸಲ ಕಟ್ಟುವ ಹೊತ್ತಿಗೆ ಒಂದು ಸಲವಾದರೂ ಸುದ್ದಿಮನೆಯ ಬಾಗಿಲು ತಟ್ಟಲಿ. ಜಿಲ್ಲಾ ಪತ್ರಿಕೆಯ ಸಂಬಳ ಸಣ್ಣದು ಅಂತ ಗೊತ್ತು. ಹಳ್ಳಿಯ ಮೇಷ್ಟ್ರುಗಳು ಮಕ್ಕಳಿಗೆ ಪ್ರಬಂಧ ಬರೆಸುವಾಗ ಹಸುವಿನ ಮೇಲೆ, ಮಳೆಗಾಲದ ಮೇಲೆ ಬರೆಸಿದ್ದು ಸಾಕು. ನಿಮ್ಮ ಕೇರಿಯಲ್ಲಿ ಈ ವಾರ ಏನು ನಡೀತು, ಯಾರು ನೋಡಿದರು, ಎಷ್ಟು ಗಂಟೆಗೆ ಎಂದು ಬರೆಸಲಿ. ಜೊತೆಗೆ ನಮ್ಮ ಪತ್ರಿಕೆಯ ಪ್ರತಿಯೊಬ್ಬ ಚಂದಾದಾರರಿಗೂ ಒಂದು ಕೆಲಸ: ನಿಮ್ಮ ತಾಲ್ಲೂಕಿನಲ್ಲಿ ದಿನಪತ್ರಿಕೆಗಳ ವರದಿಗಾರರು ಎಷ್ಟು ಜನ, ಅವರಲ್ಲಿ ದಲಿತರು ಎಷ್ಟು, ಹೆಂಗಸರು ಎಷ್ಟು, ಕಳೆದ ಒಂದು ವರ್ಷದಲ್ಲಿ ಹಟ್ಟಿಯಿಂದ ಬಂದ ಸುದ್ದಿ ಎಷ್ಟು ಅಚ್ಚಾಯಿತು, ಅಚ್ಚಾದದ್ದರಲ್ಲಿ ಹಟ್ಟಿಯವರ ಮಾತು ಎಷ್ಟು ಸಾಲು ಇತ್ತು ಎಂದು ಎಣಿಸಿ ಬರೆದು ಕಳಿಸಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ತಾಲ್ಲೂಕಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ, ಒಂದೊಂದು ಪ್ರತಿಯನ್ನು ಆಯಾ ಪತ್ರಿಕೆಗಳ ಸಂಪಾದಕರಿಗೂ ಅಂಚೆಯಲ್ಲಿ ಕಳಿಸುತ್ತೇವೆ.